ಇಪ್ಪತ್ತು ನಿಮಿಷ ಓಡಿ ನಿಂತುಬಿಡುವ 1965ರ ಮಸ್ಟಾಂಗ್: ದೋಷ ಎಲ್ಲಿದೆ, ಬಿಡಿಭಾಗ ಎಲ್ಲಿ ಸಿಗುತ್ತದೆ?

ಟ್ರಾಯ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಮಿಷಿಗನ್ನಿನ ಟ್ರಾಯ್ ಊರಿನಲ್ಲಿದ್ದೇನೆ. ಕಳೆದ ಅಕ್ಟೋಬರಿನಲ್ಲಿ 1965ರ ಫೋರ್ಡ್ ಮಸ್ಟಾಂಗ್ ಕಾರೊಂದನ್ನು ಕೊಂಡೆ. 289 ಘನ ಇಂಚಿನ ವಿ8 ಎಂಜಿನ್, ಎರಡು ಬಾಯಿಯ ಆಟೊಲೈಟ್ ಕಾರ್ಬ್ಯುರೇಟರ್, ಆಟೊಮ್ಯಾಟಿಕ್ ಗೇರ್. ಕಾರ್ಖಾನೆಯಲ್ಲಿ ಗಾಡಿಯ ಮೇಲೆ ಒತ್ತಿದ ಸಂಖ್ಯೆ 5ಟಿ07ಸಿ ಎಂದು ಆರಂಭವಾಗುತ್ತದೆ. ಚಳಿಗಾಲವಿಡೀ ಗ್ಯಾರೇಜಿನಲ್ಲಿ ನಿಂತಿದ್ದ ಗಾಡಿಯನ್ನು ಏಪ್ರಿಲ್‌ನಲ್ಲಿ ಹೊರಗೆ ತೆಗೆದು, ತೊಳೆದು, ಹೊಳಪು ಕೊಟ್ಟು, ಮನೆಯ ಸುತ್ತಮುತ್ತ ಹತ್ತು ನಿಮಿಷದ ಓಡಾಟಕ್ಕೆ ಬಳಸುತ್ತಿದ್ದೆ. ಆಗ ಯಾವ ತೊಂದರೆಯೂ ಇರಲಿಲ್ಲ.

ಮೇ ತಿಂಗಳಲ್ಲಿ ಮೊದಲ ಬಾರಿಗೆ ವುಡ್‌ವರ್ಡ್ ಅವೆನ್ಯೂದಲ್ಲಿ ದೂರ ಹೋದಾಗ, ಸುಮಾರು ಇಪ್ಪತ್ತು ನಿಮಿಷದ ನಂತರ ಎಂಜಿನ್ ಮುಗ್ಗರಿಸತೊಡಗಿತು. ಆಕ್ಸಿಲರೇಟರ್ ತುಳಿದಷ್ಟೂ ಶಕ್ತಿ ಕುಗ್ಗುತ್ತ ಹೋಗಿ ಕೊನೆಗೆ ನಿಂತೇಬಿಟ್ಟಿತು. ಅರ್ಧ ಗಂಟೆ ರಸ್ತೆ ಬದಿಯಲ್ಲಿ ಕಾದ ಮೇಲೆ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಅಂದಿನಿಂದ ಐದು ಬಾರಿ ಹೀಗೆಯೇ ಆಗಿದೆ. ಇಗ್ನಿಷನ್ ಕಾಯಿಲ್, ಕಂಡೆನ್ಸರ್, ಪೆಟ್ರೋಲ್ ಪಂಪ್ ಮತ್ತು ಫಿಲ್ಟರ್ ಇವೆಲ್ಲವನ್ನೂ ಬದಲಿಸಿದ್ದಾಯಿತು. ಪಾಯಿಂಟ್‌ಗಳನ್ನು (ಕಿಡಿಗಾಗಿ ಕಾಯಿಲಿನ ಕರೆಂಟನ್ನು ಕಡಿದು ಜೋಡಿಸುವ ತುದಿಗಳು) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಬಿಡಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಇನ್ನಷ್ಟು ಹಣ ಸುರಿಯುವ ಮೊದಲು ಅನುಭವಸ್ಥರ ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ.

ಡಿಯರ್‌ಬಾರ್ನ್ ಹಳಬ

ಮೊದಲಿಗೆ, ಇನ್ನೊಂದೇ ಒಂದು ಬಿಡಿಭಾಗವನ್ನೂ ಸದ್ಯಕ್ಕೆ ಕೊಳ್ಳಬೇಡಿ. ನಾಲ್ಕು ವಸ್ತು ಬದಲಿಸಿದ್ದೀರಿ, ದೋಷ ಹಾಗೆಯೇ ಇದೆ. ಅಂದರೆ ಆ ನಾಲ್ಕರಲ್ಲಿ ಯಾವುದೂ ಕಾರಣವಾಗಿರಲಿಲ್ಲ, ಅಥವಾ ಹೊಸದಾಗಿ ಹಾಕಿದ್ದರಲ್ಲೇ ಒಂದು ಕೆಟ್ಟಿದೆ. ಎರಡನೆಯದು ನೀವು ಎಣಿಸಿದಷ್ಟು ಅಪರೂಪವಲ್ಲ. ಇತ್ತೀಚೆಗೆ ಮಾರಾಟವಾಗುತ್ತಿರುವ ಕಂಡೆನ್ಸರ್‌ಗಳಲ್ಲಿ ಪೆಟ್ಟಿಗೆಯಿಂದ ತೆಗೆದ ದಿನವೇ ಸತ್ತವುಗಳನ್ನು ನಾನು ಕಂಡಿದ್ದೇನೆ. ತೆಗೆದ ಹಳೆಯ ಕಾಯಿಲ್, ಪಂಪ್‌ಗಳನ್ನು ಎಸೆದಿಲ್ಲವೆಂದು ನಂಬಿದ್ದೇನೆ.

ಈ ಬಗೆಯ ದೋಷವನ್ನು ಗಾಡಿ ನಿಂತ ಮೊದಲ ಐದು ನಿಮಿಷದಲ್ಲಿಯೇ ಹಿಡಿಯಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಊಹಿಸಬಲ್ಲರೇ ಹೊರತು ಬೇರೇನೂ ಮಾಡಲಾರರು. ಆದ್ದರಿಂದ ಒಂದು ಸ್ಪಾರ್ಕ್ ಟೆಸ್ಟರ್, ಒಂದು ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್ ಮತ್ತು ಬೆಂಕಿ ನಂದಿಸುವ ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟುಕೊಂಡು, ಬೇಕೆಂದೇ ಗಾಡಿಯನ್ನು ನಿಲ್ಲುವತನಕ ಓಡಿಸಿ. ನಿಂತ ಕೂಡಲೇ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನಡುವಿನ ದಪ್ಪ ತಂತಿಯನ್ನು ಟೆಸ್ಟರ್‌ಗೆ ಸಿಕ್ಕಿಸಿ, ಟೆಸ್ಟರನ್ನು ಎಂಜಿನ್ನಿನ ಲೋಹಕ್ಕೆ ಕಚ್ಚಿಸಿ, ಸ್ಟಾರ್ಟರ್ ತಿರುಗಿಸಿ ನೋಡಿ. ಕೈಯಲ್ಲಿ ಹಿಡಿಯುವ ಸಾಹಸ ಬೇಡ. ಕಿಡಿ ಚುರುಕಾಗಿ ಹಾರಿದರೆ ವಿದ್ಯುತ್ ಭಾಗವನ್ನು ಬಹುಪಾಲು ಬಿಟ್ಟುಬಿಡಬಹುದು. ನಂತರ ಏರ್ ಕ್ಲೀನರ್ ತೆಗೆದು, ಎಂಜಿನ್ ನಿಂತಿರುವಾಗಲೇ ಕಾರ್ಬ್ಯುರೇಟರ್ ಬಾಯಿಯೊಳಗೆ ನೋಡುತ್ತ, ಥ್ರಾಟಲ್ ಕಡ್ಡಿಯನ್ನು ಕೈಯಿಂದ ಒಮ್ಮೆ ಎಳೆಯಿರಿ. ಎರಡು ಸಣ್ಣ ಧಾರೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಕಾರ್ಬ್ಯುರೇಟರಿನ ಬಟ್ಟಲು ಒಣಗಿದೆ ಎಂದರ್ಥ. ಕೊನೆಯದಾಗಿ ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ, ಏನು ಸದ್ದು ಬರುತ್ತದೆ ಕೇಳಿ. ಮೂರನ್ನೂ ಬರೆದಿಟ್ಟುಕೊಂಡು ಇಲ್ಲಿ ಹಾಕಿ.

ಗಾಡಿ ಚಾಲೂ ಮಾಡಲೆಂದು ಕಾರ್ಬ್ಯುರೇಟರಿಗೆ ಲೋಟದಿಂದ ಪೆಟ್ರೋಲ್ ಸುರಿಯುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಅದನ್ನು ಮಾಡಬೇಡಿ. ಒಮ್ಮೆ ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಹುಬ್ಬು ಹೋದೀತು, ಗಾಡಿಯೂ ಹೋದೀತು.

ಫೀನಿಕ್ಸ್ ಬಿಸಿಲು

ನನ್ನ ಪ್ರಕಾರ ಇದು ವೇಪರ್ ಲಾಕ್, ಅಂದರೆ ಪೆಟ್ರೋಲ್ ನಳಿಗೆಯಲ್ಲೇ ಆವಿಯಾಗಿ ಹರಿವು ಕಟ್ಟಿಕೊಳ್ಳುವುದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ, ಅದು ಶುದ್ಧ ರೂಪದಲ್ಲಿ 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಪೆಟ್ರೋಲಿನೊಂದಿಗೆ ಬೆರೆತಾಗ ಮಿಶ್ರಣ ಇನ್ನೂ ಬೇಗ ಆವಿಯಾಗುತ್ತದೆ. ಕಾರ್ಬ್ಯುರೇಟರ್ ಕಾಲದ ಎಂಜಿನ್‌ಗಳು ಇಂತಹ ಇಂಧನಕ್ಕಾಗಿ ಹುಟ್ಟಿದವುಗಳಲ್ಲ. ಅರಿಜೋನಾದಲ್ಲಿ ನನ್ನ ಕಾರೂ ಜೂನ್ ತಿಂಗಳಲ್ಲಿ ಇದೇ ಆಟ ಆಡುತ್ತಿತ್ತು. ಕಾರ್ಬ್ಯುರೇಟರಿನ ಕೆಳಗೆ ಶಾಖ ತಡೆಯುವ ದಪ್ಪ ಫಲಕ ಹಾಕಿ, ಎಂಜಿನ್ನಿಗೆ ತಗಲುವಷ್ಟು ಹತ್ತಿರವಿದ್ದ ಲೋಹದ ನಳಿಗೆಯನ್ನು ಬಾಗಿಸಿ ದೂರ ಮಾಡಿದ ಮೇಲೆ ಸರಿಹೋಯಿತು. ಇಲ್ಲಿನ ಹಿರಿಯರು ಆ ನಳಿಗೆಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸುತ್ತಾರೆ. ಅದರಿಂದ ಉಪಯೋಗವಿದೆಯೋ ಇಲ್ಲವೋ, ಬಾನೆಟ್ ತೆರೆದಾಗ ಮಾತಿಗೊಂದು ವಿಷಯವಂತೂ ಸಿಗುತ್ತದೆ.

ಡಿಯರ್‌ಬಾರ್ನ್ ಹಳಬ

ಫೀನಿಕ್ಸಿನವರ ಅನುಭವ ಫೀನಿಕ್ಸಿಗೆ ನಿಜ. ಆದರೆ ವೇಪರ್ ಲಾಕ್ ಸಾಮಾನ್ಯವಾಗಿ ಬಿಸಿ ಎಂಜಿನನ್ನು ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಹೋದಾಗ, ಇಲ್ಲವೇ ಸುಡುಬಿಸಿಲಿನ ವಾಹನ ದಟ್ಟಣೆಯಲ್ಲಿ ತೆವಳುವಾಗ ಕಾಣಿಸಿಕೊಳ್ಳುತ್ತದೆ; ಗಾಳಿ ಹೊಡೆಯುತ್ತಿರುವಾಗ ಗಂಟೆಗೆ 45 ಮೈಲಿ ವೇಗದಲ್ಲಿ, ಅದೂ ಮಿಷಿಗನ್ನಿನ ಮೇ ತಿಂಗಳ ತಂಪಿನಲ್ಲಿ ಅಲ್ಲ. ಪರೀಕ್ಷೆ ಮುಗಿಯುವ ಮುನ್ನ ಕಾಯಿಲೆಗೆ ಹೆಸರಿಡುವುದು ಬೇಡ.

ಎಡಿಸನ್ ಗ್ಯಾರೇಜು

ನಿಮ್ಮ ಸಂಖ್ಯೆಯಲ್ಲಿ ಟಿ ಅಕ್ಷರ ಕಂಡು ಸಂತೋಷವಾಯಿತು. ಮೊದಲ 5 ಎಂದರೆ 1965ರ ಮಾದರಿ, ಟಿ ಎಂದರೆ ಮೆಟಚನ್ ಕಾರ್ಖಾನೆ, 07 ಎಂದರೆ ಗಟ್ಟಿ ಮೇಲ್ಛಾವಣಿಯ ಎರಡು ಬಾಗಿಲಿನ ದೇಹ, ಸಿ ಎಂದರೆ ಎರಡು ಬಾಯಿಯ ಕಾರ್ಬ್ಯುರೇಟರಿನ 289. ಎಫ್ ಇದ್ದಿದ್ದರೆ ಡಿಯರ್‌ಬಾರ್ನ್, ಆರ್ ಇದ್ದಿದ್ದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ. ಮೆಟಚನ್ ಎಂದು ಹೆಸರಾದರೂ ಆ ಕಾರ್ಖಾನೆ ಇದ್ದದ್ದು ನ್ಯೂಜೆರ್ಸಿಯ ನಮ್ಮ ಎಡಿಸನ್ ಊರಿನ ವ್ಯಾಪ್ತಿಯಲ್ಲಿಯೇ, 2004ರಲ್ಲಿ ಮುಚ್ಚಿತು. ಈಗ ದೋಸೆ ಹೋಟೆಲು, ಚಿನ್ನದಂಗಡಿಗಳ ಊರೆಂದೇ ನಮ್ಮವರಿಗೆ ಪರಿಚಿತವಾದ ಜಾಗದಿಂದ ನಿಮ್ಮ ಗಾಡಿ ಹೊರಬಂದಿದೆ.

ಮೆಕ್ಯಾನಿಕ್ ಹೇಳಿದ ಎಲೆಕ್ಟ್ರಾನಿಕ್ ಇಗ್ನಿಷನ್ ಬಗ್ಗೆ ಒಂದು ಎಚ್ಚರಿಕೆ. ಈ ಗಾಡಿಯಲ್ಲಿ ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲ್‌ಗೆ ಬರುವ ಗುಲಾಬಿ ಬಣ್ಣದ ತಂತಿ ಸಾಧಾರಣ ತಂತಿಯಲ್ಲ, ಅದೇ ಒಂದು ರೆಸಿಸ್ಟರ್. ಅದರ ತಡೆ ಸುಮಾರು 1.3 ಓಮ್, ಕಾಯಿಲ್‌ನದೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಪಾಯಿಂಟ್ ಮುಚ್ಚಿರುವಾಗ ಕೀ ತಿರುಗಿಸಿ ಕಾಯಿಲಿನ ಧನ ತುದಿಯಲ್ಲಿ ಅಳೆದರೆ 12 ವೋಲ್ಟ್ ಕಾಣದೆ ಆರು, ಆರೂವರೆ ವೋಲ್ಟ್ ಕಾಣುತ್ತದೆ. ಅದು ದೋಷವಲ್ಲ, ಇರಬೇಕಾದದ್ದೇ ಹಾಗೆ. ಸ್ಟಾರ್ಟರ್ ತಿರುಗುವಾಗ ಮಾತ್ರ ಸೊಲೆನಾಯ್ಡಿನ (ಸ್ಟಾರ್ಟರಿಗೆ ಕರೆಂಟು ಕೊಡುವ ಸ್ವಿಚ್ಚು) ಇನ್ನೊಂದು ತಂತಿಯ ಮೂಲಕ ಬ್ಯಾಟರಿಯ ವೋಲ್ಟೇಜ್ ನೇರವಾಗಿ ಬರುತ್ತದೆ. ಇದನ್ನರಿಯದೆ ಗುಲಾಬಿ ತಂತಿಯನ್ನು ಕತ್ತರಿಸಿ ಹೊಸ ತಂತಿ ಎಳೆದವರ ಗಾಡಿಗಳಲ್ಲಿ ಪಾಯಿಂಟ್‌ಗಳು ಬೇಗನೆ ಸುಟ್ಟುಹೋಗುತ್ತವೆ. ಗುಲಾಬಿ ತಂತಿಯನ್ನು ಹಾಗೆಯೇ ಬಿಟ್ಟು ಅದಕ್ಕೆ ಎಲೆಕ್ಟ್ರಾನಿಕ್ ಕಿಟ್ ಹಾಕಿದವರಿಗೆ ಅದಕ್ಕೆ ವಿರುದ್ಧವಾದ ಪಾಡು: ಕಿಟ್ ಪೂರ್ತಿ 12 ವೋಲ್ಟ್ ಕೇಳುತ್ತದೆ, ಸಿಗುವುದು ಅರ್ಧ, ಗಾಡಿ ಬಿಸಿಯಾದಾಗ ಕೈಕೊಡುತ್ತದೆ. ದೋಷ ಯಾವುದೆಂದು ತಿಳಿಯುವ ಮೊದಲೇ ಕಿಟ್ ಹಾಕಿದರೆ ಒಂದಿದ್ದ ದೋಷ ಎರಡಾಗುತ್ತದೆ.

ಟ್ರಾಯ್ ನಿವಾಸಿ

ಭಾನುವಾರ ಬೆಳಿಗ್ಗೆ ಹೇಳಿದಂತೆಯೇ ಮಾಡಿದೆ. ಇಪ್ಪತ್ತೆರಡನೆಯ ನಿಮಿಷಕ್ಕೆ ನಿಂತಿತು. ಕಿಡಿ ಗಟ್ಟಿಯಾಗಿ, ನೀಲಿಯಾಗಿ ಹಾರಿತು. ಕಾಯಿಲ್‌ನಲ್ಲಿ 6.2 ವೋಲ್ಟ್ ಇತ್ತು. ಕಾರ್ಬ್ಯುರೇಟರಿನೊಳಗೆ ಧಾರೆ ಬರಲಿಲ್ಲ, ಒಂದು ಹನಿಯೂ ಇಲ್ಲ. ಈ ಗಡಿಬಿಡಿಯಲ್ಲಿ ಹಿಂದಿನ ಮುಚ್ಚಳ ತೆರೆಯುವುದನ್ನು ಮರೆತೆ, ಕ್ಷಮಿಸಿ. ನೆನಪಾಗುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು, ಗಾಡಿಯೂ ಚಾಲೂ ಆಗಿತ್ತು.

ಡಿಯರ್‌ಬಾರ್ನ್ ಹಳಬ

ಮರೆತದ್ದೇ ಮುಖ್ಯವಾದದ್ದು, ಇರಲಿ. ಅರ್ಧ ಕೆಲಸ ಮುಗಿದಂತಾಯಿತು. ಕಿಡಿ ಇದೆ, ಪೆಟ್ರೋಲ್ ಇಲ್ಲ. ಕಾಯಿಲ್, ಕಂಡೆನ್ಸರ್‌ಗಳಿಗೆ ಕೊಟ್ಟ ಹಣ ವ್ಯರ್ಥವಾಯಿತೆಂದು ಈಗ ಖಚಿತವಾಗಿ ಹೇಳಬಹುದು.

ಇನ್ನು ಪೆಟ್ರೋಲ್ ಬರುವ ದಾರಿಯನ್ನು ಹಿಂದಿನಿಂದ ಮುಂದಕ್ಕೆ ಯೋಚಿಸಿ. ಟ್ಯಾಂಕಿನೊಳಗೆ ಗಾಳಿ ಬರಬೇಕು. ಅದರೊಳಗಿನ ಜಾಲರಿ ಚೀಲದ ಮೂಲಕ ಪೆಟ್ರೋಲ್ ಹೊರಡಬೇಕು. ಟ್ಯಾಂಕಿನ ಬಳಿಯ ಗಿಡ್ಡ ರಬ್ಬರ್ ಕೊಳವೆ, ನೆಲದಡಿಯ ಉಕ್ಕಿನ ನಳಿಗೆ, ಮುಂದಿನ ರಬ್ಬರ್ ಕೊಳವೆ ಇವನ್ನೆಲ್ಲ ದಾಟಿ ಎಂಜಿನ್ನಿನ ಮುಂಭಾಗದಲ್ಲಿ ಚಾಲಕನ ಬದಿಗಿರುವ ಪಂಪನ್ನು ಸೇರಬೇಕು. ಆ ಪಂಪ್ 4ರಿಂದ 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಡಬೇಕು, ಮತ್ತು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅರ್ಧ ಲೀಟರಿನಷ್ಟು ಪೆಟ್ರೋಲನ್ನು ಅರ್ಧ ನಿಮಿಷದೊಳಗೆ ಡಬ್ಬಿಗೆ ಹಾಕಬೇಕು. ಒತ್ತಡವನ್ನಷ್ಟೇ ಅಳೆದು ಪ್ರಮಾಣವನ್ನು ಅಳೆಯದೆ ಬಿಟ್ಟು ಮೋಸಹೋದವರು ಬಹಳ ಮಂದಿ.

ಆದರೆ ಅದಕ್ಕೂ ಮುನ್ನ ಒಂದು ಪ್ರಶ್ನೆ. ದೋಷ ಕಾಣಿಸಿಕೊಂಡ ಮೇಲೆ ಏನೇನು ಬದಲಿಸಿದಿರೆಂದು ಬರೆದಿದ್ದೀರಿ. ದೋಷ ಕಾಣಿಸಿಕೊಳ್ಳುವ ಮೊದಲು, ಅಂದರೆ ಗಾಡಿ ಕೊಂಡಾಗಿನಿಂದ ಮೇ ತಿಂಗಳವರೆಗೆ, ಏನನ್ನು ಬದಲಿಸಿದ್ದಿರಿ? ಅಲಂಕಾರದ ವಸ್ತುಗಳನ್ನೂ ಸೇರಿಸಿ ಹೇಳಿ.

ಟ್ರಾಯ್ ನಿವಾಸಿ

ನಿಮ್ಮ ಪ್ರಶ್ನೆ ಓದಿದ ಕೂಡಲೇ ತಲೆ ಚಚ್ಚಿಕೊಂಡೆ. ಏಪ್ರಿಲ್‌ನಲ್ಲಿ ಹೊಳಪು ಕೊಡುವಾಗ ಹಿಂಭಾಗದ ನಡುವಿನಲ್ಲಿರುವ, ಓಡುವ ಕುದುರೆಯ ಲಾಂಛನದ ಪೆಟ್ರೋಲ್ ಮುಚ್ಚಳ ಮಂಕಾಗಿದೆಯೆಂದು ಹೊಸದನ್ನು ಹಾಕಿದ್ದೆ. 1965ರಿಂದ 1973ರವರೆಗಿನ ಮಸ್ಟಾಂಗ್‌ಗಳಿಗೆ ಹೊಂದುತ್ತದೆ ಎಂದು ಮಾರಾಟದ ವಿವರದಲ್ಲಿತ್ತು. ಅದು ಇಂಧನಕ್ಕೆ ಸಂಬಂಧಪಟ್ಟ ಭಾಗವೆಂದು ನನಗೆ ಹೊಳೆಯಲೇ ಇಲ್ಲ.

ಈ ಸಂಜೆ ಮತ್ತೆ ಓಡಿಸಿದೆ. ಗಾಡಿ ಮುಗ್ಗರಿಸಿದ ಕೂಡಲೇ ಬದಿಗೆ ನಿಲ್ಲಿಸಿ ಮುಚ್ಚಳ ತಿರುಗಿಸಿದರೆ ಟ್ಯಾಂಕ್ ಉಸಿರೆಳೆದುಕೊಂಡಂತೆ ದೀರ್ಘವಾಗಿ ಸದ್ದಾಯಿತು. ಸ್ಟಾರ್ಟರ್ ಕೆಲವು ಸುತ್ತು ತಿರುಗಿಸಿದ್ದೇ ಎಂಜಿನ್ ಚಾಲೂ ಆಯಿತು. ಮುಚ್ಚಳವನ್ನು ಪೂರ್ತಿ ಬಿಗಿ ಮಾಡದೆ ಮೆಲ್ಲಗೆ ಮನೆಗೆ ಬಂದೆ.

ಎಡಿಸನ್ ಗ್ಯಾರೇಜು

ಇದರ ಹಿಂದಿರುವ ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಬಿಡಿಭಾಗ ಕೊಳ್ಳುವವರೆಲ್ಲರಿಗೂ ಇದು ಬೇಕಾಗುತ್ತದೆ. 1965ರ ಗಾಡಿಗಳಲ್ಲಿ ಟ್ಯಾಂಕಿಗೆ ಗಾಳಿ ಹೋಗುವುದು ಮುಚ್ಚಳದ ಒಳಗಿನ ಸಣ್ಣ ದಾರಿಯಿಂದ. ಪೆಟ್ರೋಲ್ ಆವಿ ಹೊರಗೆ ಹೋಗದಂತೆ ತಡೆಯಬೇಕೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಗೂ, ಇಡೀ ದೇಶದಲ್ಲಿ 1971ರ ಮಾದರಿಗಳಿಗೂ ಬಂತು. ಅಲ್ಲಿಂದ ಮುಂದೆ ಟ್ಯಾಂಕಿಗೆ ಪ್ರತ್ಯೇಕ ಉಸಿರುನಳಿಗೆ ಬಂದು, ಮುಚ್ಚಳ ಮೊದಲಿನಂತೆ ತೆರೆದ ದಾರಿಯುಳ್ಳದ್ದಾಗಿ ಉಳಿಯಲಿಲ್ಲ. ಎರಡೂ ಕಾಲದ ಗಾಡಿಗಳಿಗೆ ಬಾಯಿಯ ಅಳತೆ ಹೊಂದಿಕೊಂಡರೆ ಸಾಕೆಂದು ಮಾರುವವರು ಒಂದೇ ಮುಚ್ಚಳವನ್ನು ಎಲ್ಲ ವರ್ಷಗಳಿಗೂ ಹಾಕಿ ಪಟ್ಟಿ ಮಾಡಿಬಿಡುತ್ತಾರೆ.

ನೀವು ಗಮನಿಸಿದ್ದೀರೋ ಇಲ್ಲವೋ, ಟ್ಯಾಂಕ್ ತುಂಬಿಸಿಕೊಂಡು ಹೊರಟ ದಿನ ಗಾಡಿ ಬೇಗ ನಿಂತಿರಬೇಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಯ ಜಾಗ ಕಡಿಮೆ, ಸ್ವಲ್ಪ ಪೆಟ್ರೋಲ್ ಹೊರಹೋದರೂ ಒಳಗೆ ನಿರ್ವಾತ ಹೆಚ್ಚುತ್ತದೆ. ನೀವು ಅರ್ಧ ಗಂಟೆ ಕಾದದ್ದರಿಂದ ಎಂಜಿನ್ ತಣ್ಣಗಾಯಿತು ಎಂದುಕೊಂಡಿರಿ. ನಿಜವಾಗಿ ಆಗಿದ್ದು, ಮುಚ್ಚಳದ ರಬ್ಬರಿನ ಸಂದಿಯಿಂದ ನಿಧಾನವಾಗಿ ಗಾಳಿ ಒಳಹೋದದ್ದು. ಬಿಸಿಗೂ ಈ ದೋಷಕ್ಕೂ ಸಂಬಂಧವೇ ಇರಲಿಲ್ಲ.

ಹೊಸ ಮುಚ್ಚಳಕ್ಕೆ ತೂತು ಕೊರೆಯುವ ಯೋಚನೆ ಮಾಡಬೇಡಿ. ಈ ಗಾಡಿಯಲ್ಲಿ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ, ಪೆಟ್ರೋಲ್ ಹಾಕುವ ಬಾಯಿ ಹಿಂಬದಿಯ ನಡುವೆ. ಒಳಗೆ ತಡೆಯಿಲ್ಲದ ಬರೀ ತೂತಾದರೆ ತಿರುವಿನಲ್ಲಿ, ಏರಿನಲ್ಲಿ ಪೆಟ್ರೋಲ್ ಬಳುಕಿ ಹೊರಚೆಲ್ಲಿ ಬಂಪರಿನವರೆಗೂ ಇಳಿಯುತ್ತದೆ. ಗಾಳಿದಾರಿ ಇರುವಂಥದ್ದೇ ಬೇಕೆಂದು ಕೇಳಿ ಕೊಳ್ಳಿರಿ, ಬಂದ ಕೂಡಲೇ ಒಂದು ಕೊಳವೆ ಇಟ್ಟು ಊದಿ ಗಾಳಿ ದಾಟುತ್ತದೆಯೇ ನೋಡಿರಿ.

ಟ್ರಾಯ್ ನಿವಾಸಿ

ಹತ್ತು ದಿನಗಳ ನಂತರದ ವರದಿ. ಟ್ಯಾಂಕ್ ತುಂಬಿದ ದಿನವೇ ಬೇಗ ನಿಲ್ಲುತ್ತಿತ್ತೆಂಬುದು ನಿಜ, ಪೆಟ್ರೋಲ್ ಹಾಕಿದ ರಸೀದಿಗಳ ದಿನಾಂಕ ನೋಡಿ ಹೋಲಿಸಿದೆ. ಗಾಳಿದಾರಿಯ ಮುಚ್ಚಳ ಬಂದ ಮೇಲೆ ಊರೊಳಗಿನ ಓಡಾಟಕ್ಕೆ ಏನೂ ತೊಂದರೆಯಿಲ್ಲ. ಆದರೆ ನಿನ್ನೆ ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿ ವೇಗದಲ್ಲಿ ನಲವತ್ತು ನಿಮಿಷ ಹೋದ ಮೇಲೆ ಮತ್ತೆ ಮುಗ್ಗರಿಸಿತು. ಮುಚ್ಚಳ ತೆರೆದೆ, ಸದ್ದಿಲ್ಲ. ವೇಗ 50ಕ್ಕೆ ಇಳಿಸಿದರೆ ಸುಧಾರಿಸಿಕೊಳ್ಳುತ್ತದೆ.

ಡಿಯರ್‌ಬಾರ್ನ್ ಹಳಬ

ಹಾಗಾದರೆ ಮುಚ್ಚಳದ ಹಿಂದೆ ಇನ್ನೊಂದು ದೋಷ ಅಡಗಿತ್ತು. ವೇಗ ಇಳಿಸಿದರೆ ಸುಧಾರಿಸುತ್ತದೆ ಎಂಬುದೇ ಸುಳಿವು: ಪೆಟ್ರೋಲ್ ಬರುತ್ತಿದೆ, ಸಾಲುತ್ತಿಲ್ಲ. ಪಂಪಿಗೆ ಒಳಬರುವ ಬದಿಯಲ್ಲಿ ಟಿ ಆಕಾರದ ಜೋಡಣೆ ಹಾಕಿ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ, ನಿಂತಲ್ಲೇ ಎಂಜಿನ್ ವೇಗ ಏರಿಸಿ ನೋಡಿ. ದಾರಿ ಸಲೀಸಾಗಿದ್ದರೆ ಮುಳ್ಳು ಹೆಚ್ಚೇನೂ ಅಲುಗುವುದಿಲ್ಲ. ವೇಗದೊಂದಿಗೆ ಏರುತ್ತ ಹೋದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಕಟ್ಟಿಕೊಂಡಿದೆ. ನನ್ನ ಸಂಶಯವೆಲ್ಲ ಟ್ಯಾಂಕಿನ ಬಳಿಯ ಗಿಡ್ಡ ರಬ್ಬರ್ ಕೊಳವೆಯ ಮೇಲೆ. ಅದನ್ನು ಯಾರೂ ನೋಡುವುದಿಲ್ಲ, ಏಕೆಂದರೆ ಕಾರಿನಡಿ ಮಲಗಬೇಕು. ಬಿಚ್ಚುವ ಮೊದಲು ಬ್ಯಾಟರಿಯ ಋಣ ತಂತಿ ಕಳಚಿ, ಟ್ಯಾಂಕಿನ ಪೆಟ್ರೋಲನ್ನು ಹೊರಗೆ ತೆಗೆದುಬಿಡಿ. ಕೊಳವೆ ಪೆಟ್ರೋಲ್ ಮಟ್ಟಕ್ಕಿಂತ ಕೆಳಗಿದೆ. ಗ್ಯಾರೇಜಿನೊಳಗೆ ಮಾಡಬೇಡಿ, ಅಲ್ಲಿನ ವಾಟರ್ ಹೀಟರಿನ ಸಣ್ಣ ಜ್ವಾಲೆ ಸಾಕು.

ಹೊಸ ಕೊಳವೆ ಕೊಳ್ಳುವಾಗ ಅದರ ಮೈಮೇಲೆ ಜೆ30ಆರ್9 ಎಂಬ ಅಚ್ಚು ಇದೆಯೇ ನೋಡಿ. ಎಥನಾಲ್ ಬೆರೆತ ಪೆಟ್ರೋಲಿಗೆ ಅದು ತಾಳುತ್ತದೆ. ನಿಮ್ಮ ಗಾಡಿಗೆ 5/16 ಇಂಚು.

ಟ್ರಾಯ್ ನಿವಾಸಿ

ಗೇಜಿನ ಮುಳ್ಳು ವೇಗದೊಂದಿಗೆ ಏರಿತು. ಕೊಳವೆ ಬಿಚ್ಚಿದೆ. ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಒಳಪದರ ಈರುಳ್ಳಿ ಸಿಪ್ಪೆಯಂತೆ ಎದ್ದು ದಾರಿಗೆ ಅಡ್ಡಲಾಗಿ ಮಡಚಿಕೊಂಡಿತ್ತು. ಪೆಟ್ರೋಲ್ ಜೋರಾಗಿ ಹರಿದಾಗ ಅದು ಕವಾಟದಂತೆ ಮುಚ್ಚಿಕೊಳ್ಳುತ್ತಿದ್ದಿರಬೇಕು. ಮುಂದಿನ ಕೊಳವೆಯನ್ನೂ ಸೇರಿಸಿ ಎರಡನ್ನೂ ಬದಲಿಸಿದೆ, ಹತ್ತು ಡಾಲರೂ ಆಗಲಿಲ್ಲ. ನಿನ್ನೆ ಫ್ಲಿಂಟ್‌ವರೆಗೆ ಹೋಗಿ ಬಂದೆ, ಎಲ್ಲಿಯೂ ನಿಲ್ಲಲಿಲ್ಲ.

ಈಗ ಬಿಡಿಭಾಗಗಳ ಬಗ್ಗೆಯೇ ಕೇಳಬೇಕಾಗಿದೆ. ಕಿಡಿ ಹಾರುವ ಸಮಯ ಹೊಂದಿಸಲು ಎಂಜಿನ್ನಿನ ಮೇಲಿರುವ ಟೈಮಿಂಗ್ ಗುರುತುಗಳನ್ನು ನಂಬಲಾಗುತ್ತಿಲ್ಲ, ನೀರಿನ ಪಂಪ್ ಸೋರುತ್ತಿದೆ. ಮತ್ತೊಂದು ಮುಚ್ಚಳದ ಕಥೆಯಾಗಬಾರದು. ಸರಿಯಾದ ಭಾಗವೆಂದು ತಿಳಿಯುವುದು ಹೇಗೆ?

ಎಡಿಸನ್ ಗ್ಯಾರೇಜು

ದೀರ್ಘವಾದ ಉತ್ತರ, ತಾಳ್ಮೆಯಿರಲಿ. ಮಾದರಿಯ ವರ್ಷವನ್ನು ಹೇಳಿ ಭಾಗ ಕೇಳುವ ಅಭ್ಯಾಸವನ್ನು ಬಿಡಿ. ಮಸ್ಟಾಂಗ್ 1964ರ ಏಪ್ರಿಲ್ 17ರಂದು ಬಿಡುಗಡೆಯಾದರೂ ಆಗಿನಿಂದಲೇ ಸಂಖ್ಯೆಗಳು 5ರಿಂದಲೇ ಆರಂಭವಾಗುತ್ತವೆ. ಜನ 1964½ ಎಂದು ಕರೆಯುವ ಗಾಡಿಗಳೆಲ್ಲ ಕಾಗದದಲ್ಲಿ 1965ರವೇ. ಆದರೆ ಆಗಸ್ಟ್ 1964ರ ಸುಮಾರಿಗೆ ಜನರೇಟರ್ ಹೋಗಿ ಆಲ್ಟರ್ನೇಟರ್ ಬಂತು. 289 ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಐದು ಬೋಲ್ಟ್ ಇದ್ದದ್ದು ಆರಾಯಿತು. ಐದು ಬೋಲ್ಟಿನ ಎಂಜಿನ್ನಿಗೆ ಆರು ಬೋಲ್ಟಿನ ಬೆಲ್ ಹೌಸಿಂಗ್ (ಎರಡನ್ನೂ ಜೋಡಿಸುವ ಕವಚ) ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿಕೊಂಡವರಿದ್ದಾರೆ. ಹಾಗೆಯೇ ಆರು ಸಿಲಿಂಡರ್ ಗಾಡಿಗೆ ಚಕ್ರಕ್ಕೆ ನಾಲ್ಕು ಬೋಲ್ಟ್, ವಿ8ಕ್ಕೆ ಐದು.

ಫೋರ್ಡ್ ಭಾಗದ ಸಂಖ್ಯೆಯನ್ನು ಓದಲು ಕಲಿತರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲ ಅಕ್ಷರ ದಶಕ: ಬಿ ಎಂದರೆ 1950ರ ದಶಕ, ಸಿ 1960ರದು, ಡಿ 1970ರದು. ನಂತರದ ಅಂಕಿ ವರ್ಷ. ಮೂರನೆಯ ಅಕ್ಷರ ಯಾವ ಕಾರಿಗಾಗಿ ರೂಪಿಸಿದ್ದೆಂಬುದು: ಝಡ್ ಮಸ್ಟಾಂಗ್, ಡಿ ಫಾಲ್ಕನ್, ಓ ಫೇರ್‌ಲೇನ್, ಎ ದೊಡ್ಡ ಕಾರುಗಳು. ನಡುವಿನ ಅಂಕಿಗಳು ಭಾಗದ ಜಾತಿ: 9510 ಕಾರ್ಬ್ಯುರೇಟರ್, 9350 ಪೆಟ್ರೋಲ್ ಪಂಪ್, 9030 ಟ್ಯಾಂಕಿನ ಮುಚ್ಚಳ, 12127 ಡಿಸ್ಟ್ರಿಬ್ಯೂಟರ್, 6015 ಎಂಜಿನ್ ಬ್ಲಾಕ್. ಲೋಹದ ಮೇಲೆ ಉಬ್ಬಿಕೊಂಡಿರುವ ಸಂಖ್ಯೆ ಎರಕದ ಸಂಖ್ಯೆ, ಅಂಗಡಿಯ ಪೆಟ್ಟಿಗೆಯ ಮೇಲಿರುವುದು ಮಾರಾಟದ ಸಂಖ್ಯೆ. ಎರಡೂ ಒಂದೇ ಆಗಿರಬೇಕೆಂದಿಲ್ಲ. ಎರಕದ ಪಕ್ಕದಲ್ಲಿ ಪುಟ್ಟದಾಗಿ 5ಸಿ12 ಎಂದಿದ್ದರೆ 1965ರ ಮಾರ್ಚ್ 12ರಂದು ಎರಕ ಹೊಯ್ದದ್ದು. ತಿಂಗಳಿಗೆ ಎ ಇಂದ ಎಂ ವರೆಗೆ, ನಡುವೆ ಐ ಬಿಟ್ಟು.

ಇದರಿಂದ ಹಣವೂ ಉಳಿಯುತ್ತದೆ. ಮಸ್ಟಾಂಗಿನ ಅಡಿಭಾಗದಲ್ಲಿ ಫಾಲ್ಕನ್ನಿನದೇ ಎಷ್ಟೋ ಸಾಮಾನುಗಳಿವೆ. ಮಸ್ಟಾಂಗ್ ಎಂಬ ಹೆಸರು ಬರೆದೊಡನೆ ಬೆಲೆ ಏರುತ್ತದೆ, ಫಾಲ್ಕನ್ ಎಂದು ಹುಡುಕಿದರೆ ಅದೇ ವಸ್ತು ಕಡಿಮೆಗೆ ಸಿಗುವುದುಂಟು. ಯಾವ ಭಾಗ ಯಾವ್ಯಾವ ಕಾರಿಗೆ ಹೊಂದುತ್ತದೆಂದು ತಿಳಿಸುವ ಹಾಲಂಡರ್ ಕೈಪಿಡಿಗಳು 1934ರಿಂದ ಬರುತ್ತಿವೆ. ಹಳೆಯ ಸಂಪುಟವೊಂದು ಕೈಯಲ್ಲಿದ್ದರೆ ಗುಜರಿ ಅಂಗಳದಲ್ಲಿ ರಾಜನಂತೆ ಓಡಾಡಬಹುದು.

ನಿಮ್ಮ ನೀರಿನ ಪಂಪಿಗೆ ಬಂದರೆ, ಕೆಳಗಿನ ರೇಡಿಯೇಟರ್ ಕೊಳವೆ ಸೇರುವ ಬಾಯಿ ನಿಮ್ಮದರಲ್ಲಿ ಪ್ರಯಾಣಿಕರ ಬದಿಗಿದೆ. 1970ರಿಂದ ಅದು ಚಾಲಕನ ಬದಿಗೆ ಹೋಯಿತು. 289 ಮತ್ತು 302 ಒಂದೇ ಮನೆತನವೆಂದು ಹೇಳಿ ನಂತರದ ಪಂಪನ್ನು ಕೊಟ್ಟರೆ ಒಪ್ಪಿಕೊಳ್ಳಬೇಡಿ.

ಡಿಯರ್‌ಬಾರ್ನ್ ಹಳಬ

ಟೈಮಿಂಗ್ ಗುರುತಿನ ಬಗ್ಗೆ ನಿಮ್ಮ ಸಂಶಯ ಸರಿಯಿರಬಹುದು. ಆ ಗುರುತುಗಳಿರುವ ಮುಂದಿನ ಬ್ಯಾಲೆನ್ಸರ್ ಎಂದರೆ ಒಳಗಿನ ಗುಂಬಕ್ಕೂ ಹೊರಗಿನ ಉಂಗುರಕ್ಕೂ ನಡುವೆ ರಬ್ಬರ್ ಇಟ್ಟು ಒತ್ತಿದ ವಸ್ತು. ಅರವತ್ತು ವರ್ಷದ ರಬ್ಬರ್ ಜಾರಿ ಉಂಗುರ ತಿರುಗಿದ್ದರೆ ಗುರುತು ಸುಳ್ಳು ಹೇಳುತ್ತದೆ. ಒಂದನೆಯ ಸಿಲಿಂಡರಿನ ಪ್ಲಗ್ ತೆಗೆದು ಅಲ್ಲಿ ಪಿಸ್ಟನನ್ನು ತಡೆದು ನಿಲ್ಲಿಸುವ ಪಿಸ್ಟನ್ ಸ್ಟಾಪ್ ಹಾಕಿ, ಎರಡೂ ದಿಕ್ಕಿನಿಂದ ಕೈಯಲ್ಲಿ ತಿರುಗಿಸಿ, ಎರಡು ಗುರುತುಗಳ ಸರಿಮಧ್ಯವನ್ನು ಹಿಡಿಯಿರಿ. ಅದೇ ಪಿಸ್ಟನ್ನಿನ ನಿಜವಾದ ಮೇಲ್ತುದಿ. ಆಮೇಲೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ನಳಿಗೆ ಕಳಚಿ, ಅದರ ಬಾಯಿ ಮುಚ್ಚಿ, ಕಿಡಿ ಮೇಲ್ತುದಿಗಿಂತ 6 ಡಿಗ್ರಿ ಮುಂಚಿತವಾಗಿ ಹಾರುವಂತೆ ಹೊಂದಿಸಿ. ಬ್ಯಾಲೆನ್ಸರ್ ಬದಲಿಸಬೇಕಾದರೆ ಪುಲ್ಲಿಗೆ ಮೂರು ಬೋಲ್ಟ್ ಇರುವಂಥದ್ದನ್ನೇ ಕೇಳಿ, 1970ರ ನಂತರದ್ದು ನಾಲ್ಕು.

ಹಳೆಯ ಪೆಟ್ಟಿಗೆಯಲ್ಲಿ ಹಾಗೆಯೇ ಉಳಿದ ಮೂಲ ಭಾಗಗಳಿಗೆ ಇಲ್ಲಿ ದೊಡ್ಡ ಬೆಲೆ. ಕ್ರೋಮ್ ಪಟ್ಟಿ, ಲಾಂಛನ, ಎರಕದ ಭಾಗಗಳಾದರೆ ಆ ಬೆಲೆ ಕೊಡಿ, ಈಗಿನ ನಕಲುಗಳು ಅಷ್ಟು ಚೆನ್ನಾಗಿ ಕೂರುವುದಿಲ್ಲ. ರಬ್ಬರ್ ಇರುವ ಯಾವುದಕ್ಕೂ ಕೊಡಬೇಡಿ. ಪೆಟ್ಟಿಗೆ ತೆರೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಎಥನಾಲನ್ನು ಅದು ಎಂದೂ ಕಂಡಿಲ್ಲ. ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಹರ್ಶಿಯಲ್ಲಿ ಸಂತೆ ನಡೆಯುತ್ತದೆ, 1955ರಿಂದ ನಡೆದು ಬಂದದ್ದು. ಗಟ್ಟಿ ಬೂಟು ಮತ್ತು ಅಳತೆ ಪಟ್ಟಿಯೊಂದಿಗೆ ಬನ್ನಿ.

ಮೈಸೂರು ಪ್ಲಿಮತ್

ಈ ಎಳೆಯನ್ನು ಮೊದಲಿನಿಂದ ಓದುತ್ತ ಬಂದಿದ್ದೇನೆ, ನನ್ನದೂ ದಾರಿಯಲ್ಲಿ ಕೈಕೊಡುವ ಹಳೆಯ ಗಾಡಿಯೇ ಆದ್ದರಿಂದ ಇಲ್ಲಿಯೇ ಕೇಳುತ್ತೇನೆ. ನಮ್ಮ ತಾತನವರ ಕಾಲದ 1950ರ ಪ್ಲಿಮತ್ ಮೈಸೂರಿನಲ್ಲಿದೆ. ಬಲಬದಿಯ ಸ್ಟೀರಿಂಗ್, ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಜೋಡಿಸಿದ್ದು, ಆರು ಸಿಲಿಂಡರಿನ ಚಪ್ಪಟೆ ತಲೆಯ ಎಂಜಿನ್, 6 ವೋಲ್ಟ್ ವ್ಯವಸ್ಥೆ. ಬೆಂಗಳೂರಿನ ಕಡೆಗೆ ಹೊರಟರೆ ಮದ್ದೂರು ಬರುವಷ್ಟರಲ್ಲಿ ಶಾಖ ಏರುತ್ತದೆ. ಇಳಿದು ವಡೆ ತಿಂದು ಬಂದು ಕೀ ತಿರುಗಿಸಿದರೆ ಸ್ಟಾರ್ಟರ್ ನರಳುತ್ತದೆ. ರೇಡಿಯೇಟರ್ ತೊಳೆಸಿದ್ದೇನೆ, ಥರ್ಮೋಸ್ಟಾಟ್ ಹೊಸದು. ಜೆ.ಸಿ. ರಸ್ತೆಯಲ್ಲಿ ಅಲೆದು ಕೆಲವು ಸಾಮಾನು ಸಿಕ್ಕವು, ಕೆಲವಕ್ಕೆ ಅಮೆರಿಕದಿಂದಲೇ ತರಿಸಬೇಕೆನ್ನುತ್ತಾರೆ.

ಡಿಯರ್‌ಬಾರ್ನ್ ಹಳಬ

ಇವು ಎರಡು ದೋಷಗಳು, ಬೇರೆ ಬೇರೆಯಾಗಿ ನೋಡಿ. ಸ್ಟಾರ್ಟರ್ ನರಳುವುದಕ್ಕೆ ಬ್ಯಾಟರಿಯಿಂದ ಹೋಗುವ ಕೇಬಲ್‌ಗಳು ಎಷ್ಟು ದಪ್ಪವಿವೆ? 6 ವೋಲ್ಟಿನಲ್ಲಿ ಅದೇ ಕೆಲಸಕ್ಕೆ ಎರಡರಷ್ಟು ಕರೆಂಟು ಹರಿಯಬೇಕು. ಈಗಿನ ಅಂಗಡಿಯ 12 ವೋಲ್ಟ್ ಕೇಬಲ್ ಹಾಕಿದ್ದರೆ ಅದು ಕೈಗೆ ಬಿಸಿ ತಟ್ಟುತ್ತದೆ. ಲಾರಿಗೆ ಹಾಕುವಂಥ ದಪ್ಪ ತಾಮ್ರದ ಕೇಬಲ್ ಹಾಕಿಸಿ. ನಿಮ್ಮ ಗಾಡಿಯಲ್ಲಿ ಬ್ಯಾಟರಿಯ ಧನ ತುದಿ ದೇಹಕ್ಕೆ ಸೇರಬೇಕು, ಋಣವಲ್ಲ. ಹೊಸ ಎಲೆಕ್ಟ್ರಿಷಿಯನ್‌ಗಳು ಇಲ್ಲಿ ತಪ್ಪುತ್ತಾರೆ.

ಶಾಖಕ್ಕೆ ಕಾರಣ ಹೆಚ್ಚಾಗಿ ನೀರಿನ ಪಂಪಿನ ಹಿಂದೆ, ಬ್ಲಾಕಿನ ಉದ್ದಕ್ಕೂ ತೂರಿಸಿರುವ ತಗಡಿನ ಚಪ್ಪಟೆ ಕೊಳವೆ. ಎಗ್ಝಾಸ್ಟ್ ವಾಲ್ವ್‌ಗಳಿರುವಲ್ಲಿಗೆಲ್ಲ ನೀರು ಹಂಚುವುದು ಅದರ ಕೆಲಸ. ಅದು ತುಕ್ಕು ಹಿಡಿದು ಕರಗಿದರೆ ಮುಂದಿನ ಸಿಲಿಂಡರ್‌ಗಳಷ್ಟೇ ತಂಪಾಗಿ ಹಿಂದಿನವು ಬೇಯುತ್ತವೆ. ರೇಡಿಯೇಟರ್, ಪಂಪ್ ಎರಡನ್ನೂ ತೆಗೆದು ಕೊಕ್ಕೆಯಿಂದ ಎಳೆಯಬೇಕು. ಅಮೆರಿಕದಲ್ಲಿ ಹೊಸದು ಸಿಗುತ್ತದೆ. ಈ ಎಂಜಿನ್ ಡಾಡ್ಜ್ ಲಾರಿಗಳಿಗೂ ಹೋಗಿದ್ದರಿಂದ ಭಾಗಗಳ ಬರವಿಲ್ಲ.

ಎಡಿಸನ್ ಗ್ಯಾರೇಜು

ಆರ್ಡರ್ ಮಾಡುವ ಮುನ್ನ ಸಿಲಿಂಡರ್ ಹೆಡ್ಡಿನ ಉದ್ದವನ್ನು ಅಳೆಯಿರಿ. ನೋಡಲು ಒಂದೇ ರೀತಿಯಿರುವ ಈ ಎಂಜಿನ್‌ನಲ್ಲಿ ಎರಡು ಅಳತೆಗಳಿವೆ. ಅಮೆರಿಕದ ಪ್ಲಿಮತ್ ಮತ್ತು ಡಾಡ್ಜ್ ಕಾರುಗಳದು ಸುಮಾರು 23 ಇಂಚು. ಕ್ರೈಸ್ಲರ್, ಡಿಸೋಟೊ ಕಾರುಗಳದೂ, ಡೆಟ್ರಾಯಿಟ್ ನದಿಯಾಚೆಯ ಕೆನಡಾದ ವಿಂಡ್ಸರ್‌ನಲ್ಲಿ ತಯಾರಾದ ಪ್ಲಿಮತ್ತಿನದೂ ಸುಮಾರು 25. ಹೆಡ್ ಗ್ಯಾಸ್ಕೆಟ್ಟಿಗೂ ಇದೇ ಮಾತು. ಸ್ಟೀರಿಂಗ್ ಪೆಟ್ಟಿಗೆ, ಪೆಡಲ್‌ಗಳ ಸಾಮಾನಾದರೆ ಅಮೆರಿಕದಲ್ಲಿ ಹುಡುಕಿ ಫಲವಿಲ್ಲ. ಬಲಬದಿಯ ಸ್ಟೀರಿಂಗಿನ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಕಡೆಯವರನ್ನು ಕೇಳಿ. ಎಡಬದಿಯ ಚಕ್ರಗಳ ಬೋಲ್ಟು ಉಲ್ಟಾ ತಿರುಪಿನದ್ದು, ಬಿಗಿಯಾಗಿದೆಯೆಂದು ಉದ್ದ ಪೈಪ್ ಹಾಕಿ ಮುರಿಯಬೇಡಿ.

ಮೈಸೂರು ಪ್ಲಿಮತ್

ಕೇಬಲ್ ಬದಲಿಸಿದ್ದಾಯಿತು, ಸ್ಟಾರ್ಟರ್ ನರಳುವುದು ನಿಂತಿದೆ. ತಗಡಿನ ಕೊಳವೆ ನಾಲ್ಕು ತುಂಡಾಗಿ ಹೊರಬಂತು, ಹಿಂದಿನ ಅರ್ಧ ಕೆಸರಾಗಿ ಹೋಗಿತ್ತು. ಹೆಡ್ ಅಳೆದೆ: 25 ಇಂಚು ದಾಟಿ ಸ್ವಲ್ಪ ಹೆಚ್ಚೇ ಇದೆ. ನಾನು ಹಣ ಕಟ್ಟಲು ಸಿದ್ಧವಾಗಿ ಆರಿಸಿಟ್ಟಿದ್ದದ್ದು 1950ರ ಪ್ಲಿಮತ್ತಿನದೆಂದು ಬರೆದಿದ್ದ 23 ಇಂಚಿನ ಎಂಜಿನ್ನಿನ ಕೊಳವೆ. ಅದನ್ನು ತೆಗೆದುಹಾಕಿ ಉದ್ದನೆಯದಕ್ಕೆ ಬರೆದಿದ್ದೇನೆ.